ಲೆಕ್ಚರರ್ ಮಾಡುವ ಗಣಿತ ತಲೆಗೇ ಹತ್ತುತ್ತಿಲ್ಲ, ಏನು ಮಾಡಲಿ?

ಪಿಯು_ಪರದಾಟ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಫಸ್ಟ್ ಪಿಯುಸಿ ಸೈನ್ಸ್. ಊರು ಚಳ್ಳಕೆರೆ ಕಡೆ ಒಂದು ಹಳ್ಳಿ. ಎಸ್ಸೆಸ್ಸೆಲ್ಸಿ ತನಕ ಕನ್ನಡ ಮೀಡಿಯಂ, ಗಣಿತದಲ್ಲಿ 84 ಬಂದಿತ್ತು. ನಮ್ಮ ಹೈಸ್ಕೂಲ್ ಮೇಷ್ಟ್ರು ಒಂದು ಲೆಕ್ಕವನ್ನು ಮೂರು ಸಲ ಬೇಕಾದರೂ ಮಾಡಿಸುತ್ತಿದ್ದರು, ಹಾಗಾಗಿ ಗಣಿತ ಅಂದರೆ ನನಗೆ ಇಷ್ಟಾನೇ ಇತ್ತು. ಈಗ ಹಾಸ್ಟೆಲ್‌ನಲ್ಲಿದ್ದುಕೊಂಡು ಪೇಟೆಯ ಕಾಲೇಜಿಗೆ ಹೋಗುತ್ತಿದ್ದೇನೆ. ಮೊದಲ ಟೆಸ್ಟ್‌ನಲ್ಲಿ 25ಕ್ಕೆ 6. ಮನೆಯಲ್ಲಿ ಇನ್ನೂ ಹೇಳಿಲ್ಲ.

ಗಣಿತದ ಸರ್ ಕೆಟ್ಟವರಲ್ಲ, ಬೈಯುವುದೂ ಇಲ್ಲ. ಆದರೆ ಅವರು ಬೋರ್ಡಿನ ಜೊತೆ ಮಾತಾಡುತ್ತಾರೆ, ನಮ್ಮ ಜೊತೆ ಅಲ್ಲ. ಬರೆಯುತ್ತಾ ಹೋಗುತ್ತಾರೆ, ಒಂದು ತುದಿ ಮುಟ್ಟಿದ ಕೂಡಲೇ ಇನ್ನೊಂದು ತುದಿಯಿಂದ ಒರೆಸುತ್ತಾ ಬರುತ್ತಾರೆ. ನಾನು ಇನ್ನೂ ಎರಡನೇ ಸಾಲಿನಲ್ಲಿರುತ್ತೇನೆ, ಅಷ್ಟರಲ್ಲಿ ‘ಹೆನ್ಸ್ ಪ್ರೂವ್ಡ್’. ಮೂರು ಸಲ ಎದ್ದು ನಿಂತು ‘ಸರ್ ಅರ್ಥ ಆಗಲಿಲ್ಲ’ ಅಂದೆ. ಮೂರು ಸಲವೂ ಅದೇ ಸಾಲುಗಳನ್ನೇ ಇನ್ನಷ್ಟು ಜೋರಾಗಿ ಓದಿದರು. ನಾಲ್ಕನೇ ಸಲ ಕೇಳಲಿಲ್ಲ.

ಈಗ ಟ್ರಿಗ್ನಾಮೆಟ್ರಿ ನಡೆಯುತ್ತಿದೆ. ಮೊದಲ ದಿನವೇ ಬಂದು ‘ಪೈ ಈಸ್ ಈಕ್ವಲ್ ಟು 180’ ಅಂತ ಬರೆದರು. ಪೈ ಅಂದರೆ 3.14 ಅಲ್ವಾ? ಅದು 180 ಹೇಗೆ ಆಯಿತು? ಆಮೇಲೆ ‘ಆಲ್ ಸಿಲ್ವರ್ ಟೀ ಕಪ್ಸ್’ ಅಂದರು, ಎಲ್ಲರೂ ತಲೆ ಆಡಿಸಿದರು, ನಾನೂ ಆಡಿಸಿದೆ. ಟೀ ಕಪ್ ಯಾಕೆ ಬಂತು ಅಂತ ಇವತ್ತಿಗೂ ಗೊತ್ತಿಲ್ಲ. ಹತ್ತನೇ ಕ್ಲಾಸಿನಲ್ಲಿ ಸೈನ್ ಅಂದರೆ ಅಭಿಮುಖ ಬಾಹು ಭಾಗಿಸು ವಿಕರ್ಣ ಅಂತ ಕಲಿತಿದ್ದೆ. ಇಲ್ಲಿ ಸೈನ್ 120 ಅನ್ನುತ್ತಾರೆ. ಲಂಬಕೋನ ತ್ರಿಭುಜದ ಒಳಗೆ 120 ಡಿಗ್ರಿ ಎಲ್ಲಿ ಹಿಡಿಯುತ್ತದೆ? ರಾತ್ರಿ ಫೋನಿನ ಕ್ಯಾಲ್ಕುಲೇಟರ್‌ನಲ್ಲಿ ಸೈನ್ 30 ಹೊಡೆದು ನೋಡಿದೆ, ಅರ್ಧ ಬರಬೇಕಿತ್ತು, ಮೈನಸ್ 0.988 ಬಂತು. ಫೋನೂ ಕೈಕೊಟ್ಟಿತು ಅಂದುಕೊಂಡೆ.

ಟ್ಯೂಷನ್ ಸೇರು ಅನ್ನಬೇಡಿ ದಯವಿಟ್ಟು. ಈ ಸಲ ಶೇಂಗಾ ಬೆಳೆ ಸರಿ ಬಂದಿಲ್ಲ, ಅಪ್ಪನನ್ನು ಕೇಳುವ ಹಾಗಿಲ್ಲ. ಈಗಲೇ ಕಾಮರ್ಸ್‌ಗೆ ಹೋಗಿಬಿಡಲಾ? ನನಗೆ ಗಣಿತ ಬರಲ್ವೋ, ಅಥವಾ ಅವರು ಹೇಳುವುದು ಗೊತ್ತಾಗುತ್ತಿಲ್ವೋ, ಅದೇ ತಿಳಿಯುತ್ತಿಲ್ಲ.

---

ಬೆಂಚ್_ಕೊನೇದು:

ಯೂಟ್ಯೂಬ್ ನೋಡು ಗುರು. ನಮ್ಮ ಕಾಲೇಜಿನಲ್ಲೂ ಹಿಂಗೇ. ಲೆಕ್ಚರರ್ ಅಟೆಂಡೆನ್ಸ್‌ಗೆ, ಯೂಟ್ಯೂಬ್ ಪಾಠಕ್ಕೆ.

---

ಜಾತ್ರೆ_ಜಂಗುಳಿ:

ಯೂಟ್ಯೂಬ್ ಆಮೇಲೆ ನೋಡಲಿ, ಮೊದಲು ಹುಡುಗ ಕೇಳಿದ್ದಕ್ಕೆ ಯಾರಾದರೂ ಉತ್ತರ ಕೊಡಿ. ನಾನು ಪಾಲಿಟೆಕ್ನಿಕ್‌ನಲ್ಲಿ ಓದಿ ಈಗ ಲೇಥ್ ಶಾಪ್ ಇಟ್ಟುಕೊಂಡವನು, ಮೇಷ್ಟ್ರಲ್ಲ, ಆದರೂ ಇಷ್ಟು ಗೊತ್ತು.

ತಮ್ಮಾ, ಫೋನ್ ಕೆಟ್ಟಿಲ್ಲ. ಕ್ಯಾಲ್ಕುಲೇಟರ್‌ನಲ್ಲಿ ‘ರ್‍ಯಾಡ್’, ‘ಡೆಗ್’ ಅಂತ ಒಂದು ಬಟನ್ ಇರುತ್ತದೆ ನೋಡು. ಅದು ರ್‍ಯಾಡ್‌ನಲ್ಲಿದೆ. ನೀನು 30 ಡಿಗ್ರಿ ಅಂದುಕೊಂಡೆ, ಅದು 30 ರೇಡಿಯನ್ ಅಂದುಕೊಂಡಿತು. ಇದೇ ಗೊಂದಲವೇ ಆ ಪೈ ಮತ್ತು 180ರದ್ದೂ. ನಿಮ್ಮ ಸರ್ ಒಂದು ಪದ ನುಂಗಿದ್ದಾರೆ. ‘ಪೈ ರೇಡಿಯನ್ ಅಂದರೆ 180 ಡಿಗ್ರಿ’ ಅಂತ ಇರಬೇಕಿತ್ತು. ಒಂದು ಇಂಚು ಅಂದರೆ 2.54 ಸೆಂಟಿಮೀಟರ್ ಅನ್ನುತ್ತೇವೆ, 1 ಅಂದರೆ 2.54 ಅಂತ ಬರೆದರೆ ಯಾರಿಗಾದರೂ ತಲೆ ಕೆಡುತ್ತದೆ. ನಿನ್ನ ತಲೆ ಕೆಟ್ಟಿದ್ದು ಸರಿಯಾಗೇ ಇದೆ.

ರೇಡಿಯನ್ ಅಂದರೇನು ಅಂತ ಕೈಯಲ್ಲೇ ನೋಡು. ಹಾಸ್ಟೆಲ್ ಊಟದ ತಟ್ಟೆಯನ್ನು ಪೇಪರ್ ಮೇಲೆ ಬೋರಲು ಹಾಕಿ ಗೆರೆ ಎಳೆದು ಕತ್ತರಿಸು. ಅದನ್ನು ಒಂದು ಸಲ ಮಡಿಚು, ಇನ್ನೊಂದು ಸಲ ಮಡಿಚು. ಮೂಲೆ ಬಂತಲ್ಲ, ಅದೇ ಮಧ್ಯ. ಮೂಲೆಯಿಂದ ಅಂಚಿನ ತನಕ ಇರುವ ಉದ್ದಕ್ಕೆ ಒಂದು ದಾರ ಕತ್ತರಿಸಿಕೋ. ಈಗ ಪೇಪರ್ ಬಿಚ್ಚಿ ಆ ದಾರವನ್ನು ಅಂಚಿನ ಮೇಲೆ ಬಾಗಿಸಿ ಇಡು. ಅಷ್ಟು ದಾರ ಅಂಚಿನ ಮೇಲೆ ಎಷ್ಟು ಕೋನ ತಿನ್ನುತ್ತದೋ ಅದೇ ಒಂದು ರೇಡಿಯನ್, ಸುಮಾರು 57.3 ಡಿಗ್ರಿ. ಅರ್ಧ ತಟ್ಟೆ ಸುತ್ತಲು ಎಷ್ಟು ದಾರ ಬೇಕು ಅಂತ ಅಳತೆ ಮಾಡು. ಮಾಡಿ ಬಂದು ಇಲ್ಲಿ ಹೇಳು, ನಾನು ಹೇಳುವುದಿಲ್ಲ.

ಇನ್ನು ಸೈನ್ 120. ಅಲ್ಲಿ ತ್ರಿಭುಜ ಬಿಟ್ಟುಬಿಡು. ನಾಯಕನಹಟ್ಟಿ ಜಾತ್ರೆಗೆ ಹೋಗಿರುತ್ತೀಯ. ಅಲ್ಲಿ ಜಾಯಿಂಟ್ ವೀಲ್ ನೆನಪಿಸಿಕೋ. ಮಧ್ಯದ ಅಚ್ಚಿನಿಂದ ತೊಟ್ಟಿಲಿಗೆ ಇರುವ ಕಂಬಿಯ ಉದ್ದ 1 ಅಂತ ಇಟ್ಟುಕೋ. ನೀನು ಹತ್ತಿದ ತೊಟ್ಟಿಲು ಅಚ್ಚಿನ ಮಟ್ಟಕ್ಕೆ, ಬಲಗಡೆ ನಿಂತಿದೆ. ಅದು ಸೊನ್ನೆ ಡಿಗ್ರಿ. ಅಲ್ಲಿಂದ ಮೇಲಕ್ಕೆ ತಿರುಗಲಿ. ಅಚ್ಚಿನ ಮಟ್ಟಕ್ಕಿಂತ ನೀನು ಎಷ್ಟು ಎತ್ತರದಲ್ಲಿದ್ದೀಯ, ಅದು ಸೈನ್. ಅಚ್ಚಿನಿಂದ ಎಷ್ಟು ಪಕ್ಕಕ್ಕಿದ್ದೀಯ, ಅದು ಕಾಸ್. ಅಷ್ಟೇ. 30ರಲ್ಲಿ ಅರ್ಧ ಎತ್ತರ. ತುದಿ ದಾಟಿ ಆ ಕಡೆ ಇಳಿಯುವಾಗ 150ರಲ್ಲೂ ಅದೇ ಅರ್ಧ ಎತ್ತರ. ಇನ್ನೂ ಇಳಿದು 210ಕ್ಕೆ ಬಂದರೆ ಅಚ್ಚಿಗಿಂತ ಕೆಳಗಿದ್ದೀಯ, ಹಾಗಾಗಿ ಮೈನಸ್ ಅರ್ಧ. ನಿನ್ನ ಹತ್ತನೇ ಕ್ಲಾಸಿನ ತ್ರಿಭುಜ ಎಲ್ಲೂ ಹೋಗಿಲ್ಲ, ಮೊದಲ ಕಾಲು ಸುತ್ತಿನಲ್ಲಿ ಕಂಬಿಯ ಕೆಳಗೇ ಇದೆ. ಕಂಬಿಯೇ ವಿಕರ್ಣ.

ಟೀ ಕಪ್ ಕಥೆಯೂ ಇದೇ. ಮೊದಲ ಕಾಲು ಸುತ್ತಿನಲ್ಲಿ ಎತ್ತರ, ಪಕ್ಕ ಎರಡೂ ಪ್ಲಸ್, ಅದು ‘ಆಲ್’. ಎರಡನೆಯದರಲ್ಲಿ ಎಡಕ್ಕೆ ಹೋದೆ, ಪಕ್ಕ ಮೈನಸ್, ಎತ್ತರ ಮಾತ್ರ ಪ್ಲಸ್, ಅದು ಸೈನ್, ‘ಸಿಲ್ವರ್’. ಮೂರನೆಯದರಲ್ಲಿ ಎರಡೂ ಮೈನಸ್, ಭಾಗಿಸಿದರೆ ಪ್ಲಸ್, ಅದು ಟ್ಯಾನ್, ‘ಟೀ’. ನಾಲ್ಕನೆಯದರಲ್ಲಿ ಕಾಸ್, ‘ಕಪ್ಸ್’. ತೊಟ್ಟಿಲಲ್ಲಿ ಕೂತವನಿಗೆ ಟೀ ಕಪ್ ಬೇಕಾಗೇ ಇಲ್ಲ.

---

ನೀಲಿ_ಶಾಯಿ:

ಜಾಯಿಂಟ್ ವೀಲ್ ಅಣ್ಣ, ನಾನು ಪಿಯುಸಿ ಓದುವಾಗ ಎಲ್ಲಿದ್ದಿರಿ ನೀವು!

ತಮ್ಮಾ, ನಾನೂ ಕನ್ನಡ ಮೀಡಿಯಂನಿಂದ ಬಂದವಳು, ಈಗ ಬಿಇ ಮೂರನೇ ವರ್ಷ. ಒಂದು ವಿಷಯ ಹೇಳುತ್ತೇನೆ. ನೀನು ಗಣಿತದಲ್ಲಿ ಬೀಳುತ್ತಿದ್ದೀಯೋ ಇಂಗ್ಲಿಷ್‌ನಲ್ಲಿ ಬೀಳುತ್ತಿದ್ದೀಯೋ ಮೊದಲು ನೋಡಿಕೋ. ನಾನು ಎರಡು ತಿಂಗಳು ಗಣಿತದಲ್ಲಿ ಅಂದುಕೊಂಡು ಹಾಸ್ಟೆಲ್ ಬಾತ್‌ರೂಮ್‌ನಲ್ಲಿ ಅತ್ತಿದ್ದೇನೆ. ‘ಸಬ್‌ಸೆಟ್’ ಅಂದರೆ ನಮ್ಮ ಉಪಗಣವೇ. ‘ಆರ್ಕ್’ ಅಂದರೆ ಕಂಸ. ‘ಕೋಎಫಿಶಿಯೆಂಟ್’ ಸಹಗುಣಕ. ‘ಡಿನಾಮಿನೇಟರ್’ ಛೇದ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಗೆರೆ ಎಳೆದು ಎಡಕ್ಕೆ ಅದು, ಬಲಕ್ಕೆ ಇದು ಅಂತ ಬರೆಯುತ್ತಾ ಹೋದೆ. ಎರಡು ವಾರಕ್ಕೆ ಆ ಪದಗಳೆಲ್ಲ ಬಾಯಿಗೆ ಬಂದವು.

ಆದರೆ ನಿಜವಾಗಿ ಕಾಲು ಎಳೆದದ್ದು ಅವಲ್ಲ. ‘ಸಚ್ ದಟ್’, ‘ವೇರ್‌ಆ್ಯಸ್’, ‘ಇಫ್ ಅಂಡ್ ಓನ್ಲಿ ಇಫ್’, ‘ಅಟ್ ಮೋಸ್ಟ್’, ‘ಅಟ್ ಲೀಸ್ಟ್’. ಇವು ಗಣಿತದ ಪದಗಳಲ್ಲ, ಹಾಗಾಗಿ ಯಾರೂ ಬಿಡಿಸಿ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ‘ಅಟ್ ಮೋಸ್ಟ್ 3’ ಅಂದರೆ ಹೆಚ್ಚೆಂದರೆ 3, ಅಂದರೆ ಸೊನ್ನೆಯೂ ಆಗಬಹುದು, ಒಂದೂ ಆಗಬಹುದು. ನಾನು ಅದನ್ನು ‘3ಕ್ಕಿಂತ ಜಾಸ್ತಿ’ ಅಂದುಕೊಂಡು ಒಂದು ಇಡೀ ಎಕ್ಸರ್‌ಸೈಜ್ ತಪ್ಪು ಮಾಡಿದ್ದೆ. ಲೆಕ್ಕ ಎಲ್ಲ ಸರಿ, ಉತ್ತರ ಎಲ್ಲ ತಪ್ಪು.

ಯೂಟ್ಯೂಬ್ ಬೇಡ ಅನ್ನುವುದಿಲ್ಲ, ಕನ್ನಡದಲ್ಲೇ ಚೆನ್ನಾಗಿ ಹೇಳಿಕೊಡುವವರು ಇದ್ದಾರೆ. ಆದರೆ ನೋಡುವಾಗ ಎಲ್ಲ ಗೊತ್ತಾದ ಹಾಗೆ ಅನ್ನಿಸುತ್ತದೆ, ಅದು ಮೋಸ. ವಿಡಿಯೋ ನಿಲ್ಲಿಸಿ, ಫೋನ್ ಬೋರಲು ಹಾಕಿ, ಅದೇ ಲೆಕ್ಕ ಬಿಳಿ ಹಾಳೆ ಮೇಲೆ ಮಾಡಿ ನೋಡು. ಬರದಿದ್ದರೆ ನೀನು ನೋಡಿದ್ದು ಪಾಠ ಅಲ್ಲ, ಸಿನಿಮಾ.

---

ಬೆಂಚ್_ಕೊನೇದು:

ಅಕ್ಕ ನನಗೇ ಹೇಳಿದ ಹಾಗಿದೆ 😅

---

ಲೆಡ್ಜರ್:

ಕಾಮರ್ಸ್ ಬಗ್ಗೆ ಯಾರೂ ಹೇಳಲಿಲ್ಲ ಅಂತ ನಾನು ಹೇಳುತ್ತೇನೆ. ನಾನು ಇದೇ ಕಾರಣಕ್ಕೆ ಫಸ್ಟ್ ಪಿಯುಸಿ ಮಧ್ಯದಲ್ಲಿ ಸೈನ್ಸ್ ಬಿಟ್ಟು ಕಾಮರ್ಸ್‌ಗೆ ಹೋದವನು. ಈಗ ಆಡಿಟರ್ ಆಫೀಸಿನಲ್ಲಿ ಕೆಲಸ, ಚೆನ್ನಾಗೇ ಇದ್ದೇನೆ, ಪಶ್ಚಾತ್ತಾಪ ಏನಿಲ್ಲ. ಆದರೆ ಒಂದು ಮಾತು. ನಾನು ಓಡಿದ್ದು ಗಣಿತದಿಂದ ಅಲ್ಲ, ಒಬ್ಬರ ಕ್ಲಾಸಿನಿಂದ. ದಿನವಿಡೀ ಅಂಕಿಗಳಲ್ಲೇ ಮುಳುಗಿರುತ್ತೇನೆ, ಯಾವತ್ತೂ ಭಯ ಆಗಿಲ್ಲ. ಅಕೌಂಟ್ಸ್ ಇಷ್ಟ ಇದ್ದರೆ ಹೋಗು, ಒಳ್ಳೆಯದೇ. 25ಕ್ಕೆ 6 ಬಂತು ಅಂತ ಹೋಗಬೇಡ.

ಮನೆಯಲ್ಲಿ ಆ 6 ಹೇಳಿಬಿಡು. ನಾನು ಮುಚ್ಚಿಟ್ಟೆ. ಕೊನೆಗೆ ನಮ್ಮ ಮಾವ ಹೇಳಿದರು, ಅದು ಇನ್ನೂ ಕೆಟ್ಟದಾಯಿತು.

---

ಸೀಮೆಸುಣ್ಣ:

ನಾನು ಪಿಯು ಕಾಲೇಜಿನಲ್ಲಿ ಗಣಿತ ಪಾಠ ಮಾಡಿ ನಿವೃತ್ತನಾದವನು. 31 ವರ್ಷ. ನಿಮ್ಮ ಸರ್ ಪರವಾಗಿ ಎರಡು ಮಾತು, ಆಮೇಲೆ ಅವರ ವಿರುದ್ಧ ಒಂದು ಮಾತು ಹೇಳುತ್ತೇನೆ.

ನಮ್ಮ ಕಡೆ ಪುಸ್ತಕ ಎನ್‌ಸಿಇಆರ್‌ಟಿಯದು. ಗಣಗಳಿಂದ ಹಿಡಿದು ಸಂಭವನೀಯತೆ ತನಕ ಅದರಲ್ಲಿರುವುದನ್ನೆಲ್ಲ ಒಂದು ವರ್ಷದಲ್ಲಿ ಮುಗಿಸಬೇಕು. ಕ್ಲಾಸಿನಲ್ಲಿ ಎಂಬತ್ತು ಮಕ್ಕಳು. ಜೊತೆಗೆ ಸಿಇಟಿ. ಅಲ್ಲಿ ಗಣಿತದಲ್ಲಿ 60 ಪ್ರಶ್ನೆಗೆ 80 ನಿಮಿಷ, ಅಂದರೆ ಒಂದು ಲೆಕ್ಕಕ್ಕೆ 80 ಸೆಕೆಂಡ್. ಹೀಗಾಗಿ ಫಸ್ಟ್ ಪಿಯುಸಿಯಿಂದಲೇ ‘ಶಾರ್ಟ್‌ಕಟ್ ಹೇಳಿ ಸರ್’ ಅಂತ ಮ್ಯಾನೇಜ್‌ಮೆಂಟೂ ಕೇಳುತ್ತದೆ, ಪೋಷಕರೂ ಕೇಳುತ್ತಾರೆ. ಸಿಲ್ವರ್ ಟೀ ಕಪ್ ಬಂದದ್ದು ಹೀಗೆ. ಅದು ದಾರಿ ಗೊತ್ತಿರುವವನಿಗೆ ಅಡ್ಡದಾರಿ, ದಾರಿಯೇ ಗೊತ್ತಿಲ್ಲದವನಿಗೆ ಕಾಡು.

ವಿರುದ್ಧವಾಗಿ ಹೇಳಬೇಕಾದದ್ದು ನನ್ನ ಮೇಲೂ ಬರುತ್ತದೆ. ಒಂದೇ ಪಾಠವನ್ನು ಇಪ್ಪತ್ತು ವರ್ಷ ಮಾಡಿದರೆ ಮಧ್ಯದ ಸಾಲುಗಳು ನಮ್ಮ ಕಣ್ಣಿಗೆ ಕಾಣಿಸುವುದೇ ಇಲ್ಲ. ಬೇಕಂತಲೇ ಬಿಡುವುದಲ್ಲ. ಬಿಟ್ಟಿದ್ದೇವೆ ಅನ್ನುವುದೇ ಗೊತ್ತಿರುವುದಿಲ್ಲ. ‘ಅರ್ಥ ಆಗಲಿಲ್ಲ ಸರ್’ ಅಂದರೆ ಎಲ್ಲಿ ಅಂತ ನಮಗೆ ಹೊಳೆಯುವುದಿಲ್ಲ. ಅದಕ್ಕೇ ಮೊದಲಿಂದ ಮತ್ತೆ ಓದುತ್ತೇವೆ, ಜೋರಾಗಿ.

ಒಬ್ಬ ಹುಡುಗಿ ನನಗೆ ಇದನ್ನು ಕಲಿಸಿದಳು. ಮಾತು ಕಡಿಮೆ, ಕ್ಲಾಸಿನಲ್ಲಿ ಬಾಯಿ ಬಿಟ್ಟವಳಲ್ಲ. ಒಂದು ಮಧ್ಯಾಹ್ನ ಸ್ಟಾಫ್ ರೂಮಿಗೆ ಬಂದು ನೋಟ್‌ಬುಕ್ ಮೇಜಿನ ಮೇಲಿಟ್ಟಳು. ನಾನು ಬೋರ್ಡಿನಲ್ಲಿ ಬರೆದದ್ದನ್ನೆಲ್ಲ ಹಾಗೇ ಇಳಿಸಿಕೊಂಡಿದ್ದಳು. ಸಾಲು ಮತ್ತು ಸಾಲಿನ ನಡುವೆ, ತನಗೆ ದಾಟಲಾಗದ ಕಡೆಯೆಲ್ಲ ಪೆನ್ಸಿಲ್‌ನಲ್ಲಿ ಒಂದು ಸಣ್ಣ ಅಡ್ಡಗೆರೆ. ಏಳು ಗೆರೆ ಇದ್ದವು. ನನಗೆ ಮೊದಲು ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಒಂದೊಂದೇ ನೋಡಿದೆ. ಏಳರಲ್ಲಿ ಐದು ಕಡೆ ನಾನೇ ಎರಡೆರಡು ಹೆಜ್ಜೆ ಹಾರಿದ್ದೆ. ಉಳಿದ ಎರಡು ಕಡೆ ಅವಳಿಗೆ ಹಿಂದಿನ ಪಾಠ ಬಂದಿರಲಿಲ್ಲ. ಅವಳಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು.

ನೀನೂ ಅದನ್ನೇ ಮಾಡು. ಪುಸ್ತಕದಲ್ಲಿ ಈ ಲೆಕ್ಕ ಇದೆ ನೋಡು. ಮೇಲೆ ‘ಕಾಸ್ ಪೈ ಪ್ಲಸ್ ಎಕ್ಸ್’ ಇಂಟು ‘ಕಾಸ್ ಮೈನಸ್ ಎಕ್ಸ್’. ಕೆಳಗೆ ‘ಸೈನ್ ಪೈ ಮೈನಸ್ ಎಕ್ಸ್’ ಇಂಟು ‘ಕಾಸ್ ಪೈ ಬೈ ಟೂ ಪ್ಲಸ್ ಎಕ್ಸ್’. ಇದು ‘ಕಾಟ್ ಸ್ಕ್ವೇರ್ ಎಕ್ಸ್’ ಅಂತ ಸಾಧಿಸಬೇಕು. ನಿಮ್ಮ ಸರ್ ಇದನ್ನು ಎರಡು ಸಾಲಿನಲ್ಲಿ ಮುಗಿಸಿರುತ್ತಾರೆ ಅಂತ ಪಂದ್ಯ ಕಟ್ಟುತ್ತೇನೆ. ನೀನು ಹೋಗಿ ‘ಅರ್ಥ ಆಗಲಿಲ್ಲ’ ಅನ್ನಬೇಡ. ‘ಸರ್, ಕಾಸ್ ಪೈ ಬೈ ಟೂ ಪ್ಲಸ್ ಎಕ್ಸ್ ಹೇಗೆ ಮೈನಸ್ ಸೈನ್ ಎಕ್ಸ್ ಆಯಿತು?’ ಅಂತ ಬೆರಳಿಟ್ಟು ಕೇಳು. ಕ್ಲಾಸಿನಲ್ಲಿ ಬೇಡ. ಪೀರಿಯಡ್ ಮುಗಿದ ಮೇಲೆ, ಅವರು ಟೀ ಕುಡಿದಾದ ಮೇಲೆ.

ಓದುವ ಕ್ರಮ ಬೇಕಾದರೆ, ಪುಸ್ತಕದ ಬಿಡಿಸಿದ ಉದಾಹರಣೆಗಳನ್ನು ಮೊದಲು ಮಾಡು. ಉತ್ತರದ ಮೇಲೆ ಹಾಳೆ ಮುಚ್ಚಿಕೊಂಡು ಒಂದೊಂದೇ ಸಾಲು ಸರಿಸುತ್ತಾ ಹೋಗು. ಪಾಠದ ಕೊನೆಯ ಮಿಸಲೇನಿಯಸ್ ಎಕ್ಸರ್‌ಸೈಜ್ ಈಗ ಮುಟ್ಟಲೇಬೇಡ. ಪುಸ್ತಕ ಎನ್‌ಸಿಇಆರ್‌ಟಿ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ, ಗೈಡಿಗೆ ದುಡ್ಡು ಹಾಕಬೇಡ.

---

ಜಾತ್ರೆ_ಜಂಗುಳಿ:

ಮೇಷ್ಟ್ರೇ, ನಿಮ್ಮ ಲೆಕ್ಕದ ಆ ಪೈ ಬೈ ಟೂ ಪ್ಲಸ್ ಎಕ್ಸ್ ನನ್ನ ತೊಟ್ಟಿಲಿನಲ್ಲೂ ಕಾಣುತ್ತದೆ. ತೊಟ್ಟಿಲು ಬಲಗಡೆ ಸ್ವಲ್ಪ ಮೇಲೇರಿದೆ, ಅದು ಎಕ್ಸ್. ಅಲ್ಲಿಂದ ಇನ್ನೂ ಕಾಲು ಸುತ್ತು ತಿರುಗಿಸಿ. ಈಗ ತುದಿ ದಾಟಿ ಎಡಕ್ಕೆ ಸ್ವಲ್ಪ ವಾಲಿರುತ್ತದೆ. ಮೊದಲು ಎಷ್ಟು ಮೇಲಿತ್ತೋ ಈಗ ಅಷ್ಟೇ ಎಡಕ್ಕೆ. ಪಕ್ಕದ ದೂರ ಅಂದರೆ ಕಾಸ್, ಎಡಕ್ಕೆ ಅಂದರೆ ಮೈನಸ್. ಆಯ್ತಲ್ಲ.

---

ಸೀಮೆಸುಣ್ಣ:

ನೀವು ಲೇಥ್ ಶಾಪ್ ಮುಚ್ಚಿ ಕಾಲೇಜಿಗೆ ಬನ್ನಿ.

---

ಪಿಯು_ಪರದಾಟ (ಆರು ದಿನ ಬಿಟ್ಟು):

ಎಲ್ಲರಿಗೂ ಥ್ಯಾಂಕ್ಸ್. ಹಾಸ್ಟೆಲ್‌ನಲ್ಲಿ ನೆಟ್ ಇರಲಿಲ್ಲ, ಅದಕ್ಕೆ ತಡ ಆಯಿತು.

ತಟ್ಟೆ ಕೆಲಸ ಮಾಡಿದೆ. ನಮ್ಮ ತಟ್ಟೆ ಅಡ್ಡಕ್ಕೆ 28 ಸೆಂಟಿಮೀಟರ್, ಹಾಗಾಗಿ ದಾರ 14. ಅರ್ಧ ಸುತ್ತಿಗೆ ಮೂರು ಸಲ ಇಟ್ಟೆ, ಆಮೇಲೂ ಸುಮಾರು 2 ಸೆಂಟಿಮೀಟರ್ ಉಳಿಯಿತು. 2 ಭಾಗಿಸು 14 ಮಾಡಿದರೆ 0.14. ಮೂರು ಪ್ಲಸ್ 0.14. ಕೂತಲ್ಲೇ ಕೂಗಿಬಿಟ್ಟೆ, ರೂಮ್‌ಮೇಟ್ ಎದ್ದು ಬೈದ. ಅರ್ಧ ಸುತ್ತು 180 ಡಿಗ್ರಿ, ಅದಕ್ಕೆ 3.14 ದಾರ. ಇಷ್ಟೇನಾ ಇದು?

ಕ್ಯಾಲ್ಕುಲೇಟರ್ ಡೆಗ್‌ಗೆ ಹಾಕಿದೆ. 0.5 ಬಂತು.

ಸರ್ ಹತ್ತಿರ ಶುಕ್ರವಾರ ಹೋದೆ. ಪೆನ್ಸಿಲ್ ಗೆರೆ ಹಾಕಿಕೊಂಡು ಹೋಗಿದ್ದೆ, ನಾಲ್ಕು ಇದ್ದವು. ಕೈ ನಡುಗುತ್ತಿತ್ತು. ಮೊದಲ ಗೆರೆ ಮೇಲೆ ಬೆರಳಿಟ್ಟು ಕೇಳಿದೆ. ನೋಟ್‌ಬುಕ್ ತಿರುಗಿಸಿಕೊಂಡು ಸ್ವಲ್ಪ ಹೊತ್ತು ಸುಮ್ನೆ ನೋಡಿದರು. ‘ಇಲ್ಲೊಂದು ಸ್ಟೆಪ್ ಇದೆ, ಬರೆದಿಲ್ಲ ನಾನು’ ಅಂದರು. ನನ್ನ ಪೆನ್ ಇಸಿದುಕೊಂಡು ಮೂರು ಸಾಲು ಬರೆದುಕೊಟ್ಟರು. ಮೇಲೆ ಒಂದು ಮೈನಸ್, ಕೆಳಗೆ ಒಂದು ಮೈನಸ್, ಎರಡೂ ಹೊಡೆದುಹೋಗುತ್ತವೆ, ಅದನ್ನು ಅವರು ಮನಸ್ಸಿನಲ್ಲೇ ಹೊಡೆದುಹಾಕಿದ್ದರು. ಎರಡನೇ ಗೆರೆಯೂ ಹೇಳಿಕೊಟ್ಟರು. ಮೂರನೆಯದಕ್ಕೆ ‘ಇದು ನೀನು ಹತ್ತನೇ ಕ್ಲಾಸಿನದು ಮರೆತಿದ್ದೀಯ’ ಅಂದರು, ನಿಜವೇ. ನಾಲ್ಕನೆಯದಕ್ಕೆ ಬೆಲ್ ಹೊಡೆಯಿತು.

ಶನಿವಾರದ ಕ್ಲಾಸ್ ಮತ್ತೆ ಅದೇ ಸ್ಪೀಡ್. ಏನೂ ಬದಲಾಗಿಲ್ಲ. ಆದರೆ ಒಂದು ಸಲ ಬೋರ್ಡಿಂದ ತಿರುಗಿ ನನ್ನ ಕಡೆ ನೋಡಿ, ಒರೆಸುವ ಮೊದಲು ಒಂದು ಕ್ಷಣ ನಿಂತರು. ಅಥವಾ ನನಗೆ ಹಾಗೆ ಅನ್ನಿಸಿತೋ ಏನೋ.

ಅಪ್ಪನಿಗೆ ಫೋನ್ ಮಾಡಿ 6 ಬಂದಿದ್ದು ಹೇಳಿದೆ. ‘ಎಷ್ಟಕ್ಕೆ?’ ಅಂದರು. 25ಕ್ಕೆ ಅಂದೆ. ‘ನೂರಕ್ಕೆ ಅಲ್ಲವಲ್ಲ ಬಿಡು’ ಅಂದರು.

ಈಗ ಜಾಯಿಂಟ್ ವೀಲ್ ಅಣ್ಣನಿಗೆ ಇನ್ನೊಂದು ಪ್ರಶ್ನೆ. ಸೈನ್ ಎತ್ತರ, ಕಾಸ್ ಪಕ್ಕ, ಗೊತ್ತಾಯಿತು. ಟ್ಯಾನ್ 90 ‘ನಾಟ್ ಡಿಫೈನ್ಡ್’ ಅಂತ ಬರೆಸಿದ್ದಾರೆ. ಜಾಯಿಂಟ್ ವೀಲ್ ಅಲ್ಲಿ ನಿಲ್ಲುತ್ತದಲ್ಲ, ನಾನೇ ಎಷ್ಟೋ ಸಲ ತುದಿಯಲ್ಲಿ ನಿಂತಿದ್ದೇನೆ. ಮತ್ತೆ ಉತ್ತರ ಯಾಕಿಲ್ಲ?

---

ಜಾತ್ರೆ_ಜಂಗುಳಿ:

ಟ್ಯಾನ್ ಅಂದರೆ ಎತ್ತರವನ್ನು ಪಕ್ಕದ ದೂರದಿಂದ ಭಾಗಿಸುವುದು. ತುದಿಯಲ್ಲಿ ನಿಂತಾಗ ಅಚ್ಚಿನಿಂದ ಎಷ್ಟು ಪಕ್ಕಕ್ಕಿದ್ದೆ? ಈಗ ಭಾಗಿಸು ನೋಡೋಣ. ಹಾಗೇ ಕ್ಯಾಲ್ಕುಲೇಟರ್‌ನಲ್ಲಿ ಟ್ಯಾನ್ 89, ಆಮೇಲೆ ಟ್ಯಾನ್ 89.9 ಹೊಡೆದು ನೋಡು. ಡೆಗ್‌ನಲ್ಲಿದೆಯಾ ಅಂತ ಮೊದಲು ನೋಡಿಕೋ ಮಾರಾಯ.